ಹಿಮ್ಮಡಿ ತುಳಿದ ಷೂ

ಸಿಯೆನಿ ಓಡಲು ಶುರುಮಾಡಿದ ದಿನ ಅವಳ ಬೆನ್ನು ಹತ್ತಿದ್ದು ಮೂರು ನಾಯಿ. ಕಲ್ಲೆಸೆದು ಅವನ್ನು ಅಟ್ಟಿದಳು. ಮನೆಯಲ್ಲಿ ಕಾದು ಕೂತಿದ್ದವರ ಮೇಲೆ ಕಲ್ಲೆಸೆಯುವಂತಿರಲಿಲ್ಲ.

"ಯಾರ ಕೋಳಿ ಕದ್ಕೊಂಡು ಓಡಿ ಬಂದೆ?" ಅಂದಳು ಅತ್ತೆ ಮೆಲೆಸಾಲಾ. ಚಾಪೆಯ ಮೇಲೆ ಕಂಬಕ್ಕೊರಗಿ ಕೂತು ಬೆಳಗಿನ ಕೋಕೋ ಕುಡಿಯುತ್ತಿದ್ದಳು. ಆ ಕೋಕೋ ಬೀಜ ಹುರಿದು, ಕುಟ್ಟಿ, ಕಾಸಿಟ್ಟು ಹೋದವಳೂ ಸಿಯೆನಿಯೇ.

"ಕೋಳಿ ಎಲ್ಲಿ ಅಮ್ಮ, ಕೈ ಖಾಲಿ," ಅಂದಳು ಅಕೆನೆಸೆ, ಗಂಡನ ಅಕ್ಕ. "ಕೋಳೀನೇ ಇವಳನ್ನ ಅಟ್ಟಿಸ್ಕೊಂಡು ಬಂದಿರ್ಬೇಕು."

ತಾಯಿ ಮಗಳು ಸೇರಿ ಹೊಟ್ಟೆ ಕುಣಿಸಿ ನಕ್ಕರು. ಗೋಡೆಯಿಲ್ಲದ ಮನೆಗಳ ಊರು ಅದು. ಒಂದು ಮನೆಯಲ್ಲಿ ನಕ್ಕರೆ ಅಕ್ಕಪಕ್ಕದ ಮೂರು ಮನೆಯವರು ಕಾರಣ ಕೇಳದೆ ನಗುತ್ತಾರೆ. ಸಿಯೆನಿ ಬೆವರು ಒರೆಸಿಕೊಂಡು, ಸೊಂಟಕ್ಕೆ ಸುತ್ತಿದ ಲಾವಲಾವ ಸರಿಮಾಡಿಕೊಂಡು, ನೇರ ಒಲೆಯ ಕಡೆ ಹೋದಳು. ಈ ಇಬ್ಬರಿಗೂ ತಿಂಡಿ ಆಗಬೇಕಿತ್ತು. ನಗುವುದಕ್ಕೂ ಹಸಿವಾಗುತ್ತದೆ.

ಅಕೆನೆಸೆ ಆಕ್ಲೆಂಡಿನಿಂದ "ಒಂದು ತಿಂಗಳಿದ್ದು ಹೋಗ್ತೀನಿ" ಅಂತ ಬಂದು ಹನ್ನೊಂದು ವರ್ಷವಾಗಿತ್ತು. ಗಂಡ ಇವಳನ್ನು ಬಿಟ್ಟನೋ ಇವಳೇ ಅವನನ್ನು ಬಿಟ್ಟಳೋ, ಕೇಳಿದವರಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಮಾಡಿದ ಕೆಲಸವೆಂದರೆ ಭಾನುವಾರ ಚರ್ಚಿನ ಮಕ್ಕಳಿಗೆ ಹಾಡು ಕಲಿಸಿದ್ದು, ಉಳಿದ ಆರು ದಿನ ಅದರ ಆಯಾಸ ತೀರಿಸಿಕೊಂಡದ್ದು. ಆದರೂ ಅವಳ ಮಾತಿಗೆ ಎದುರಿಲ್ಲ. ಸಮೋವಾದ ಮನೆಯಲ್ಲಿ ಒಡಹುಟ್ಟಿದವಳ ಮಾತು ದೇವರ ಮಾತಿಗಿಂತ ಒಂದು ಗೇಣು ಕೆಳಗಿರುತ್ತದೆ, ಹೆಂಡತಿಯ ಮಾತು ಒಲೆಯ ಹೊಗೆಯ ಜೊತೆ ಹೋಗುತ್ತದೆ. ಸೊಸೆಯಾಗಿ ಬಂದವಳು ಬೇಯಿಸಬೇಕು, ಬಡಿಸಬೇಕು, ಹಿರಿಯರು ಉಣ್ಣುವಾಗ ಬೀಸಣಿಗೆ ಹಿಡಿದು ನೊಣ ಓಡಿಸಬೇಕು, ಕೊನೆಗೆ ಉಳಿದದ್ದನ್ನು ಉಣ್ಣಬೇಕು. ಹತ್ತೊಂಬತ್ತು ವರ್ಷದಿಂದ ಸಿಯೆನಿ ಅದನ್ನೇ ಮಾಡಿಕೊಂಡು ಬಂದಿದ್ದಳು. ಬಾಯಿಯಲ್ಲಿ "ಆಗಲಿ ಅತ್ತೆ, ಆಗಲಿ ಅತ್ತಿಗೆ". ಹೊಟ್ಟೆಯೊಳಗೆ ಮಾತ್ರ ಈ ಇಬ್ಬರ ಬಗ್ಗೆ ಒಂದು ತೊಲ ಮರ್ಯಾದೆಯೂ ಉಳಿದಿರಲಿಲ್ಲ.

ಓಟದ ಹುಚ್ಚು ಅವಳಿಗೆ ತಾನಾಗಿ ಹಿಡಿದದ್ದಲ್ಲ. ಹೆಂಗಸರ ಸಂಘದ ತಿಂಗಳ ಸಭೆಗೆ ನರ್ಸ್ ಪೆನಿನಾ ಬಂದು ಎಲ್ಲರ ರಕ್ತದ ಸಕ್ಕರೆ ನೋಡುತ್ತಿದ್ದಳು. ಆ ಸಂಘದ ಅಧ್ಯಕ್ಷೆ ಸಾಕ್ಷಾತ್ ಮೆಲೆಸಾಲಾ. ಊರಿನ ಹೆಂಗಸರೆಲ್ಲ ತಪ್ಪದೆ ಬೆರಳು ಚುಚ್ಚಿಸಿಕೊಳ್ಳಬೇಕೆಂದು ಅರ್ಧ ಗಂಟೆ ಭಾಷಣ ಬಿಗಿದು, ತನ್ನ ಬೆರಳನ್ನು ಮಾತ್ರ ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು. ಸಿಯೆನಿಯ ಬೆರಳು ಚುಚ್ಚಿ, ಬಂದ ಸಂಖ್ಯೆ ನೋಡಿ, ಪೆನಿನಾ ಅವಳನ್ನು ಪಕ್ಕಕ್ಕೆ ಕರೆದಳು.

"ಗಡಿಯಲ್ಲಿ ನಿಂತಿದೀಯ. ಮೂರು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಲ್ಲಿ ಇಳಿಸಿದ್ರೆ ಸರಿ, ಇಲ್ದಿದ್ರೆ ಮಾತ್ರೆ, ಆಮೇಲೆ ಸೂಜಿ."

"ಇಳಿಸೋದು ಹೇಗೆ?"

"ಓಡು. ಒಂದು ಲೈಟುಕಂಬದಿಂದ ಇನ್ನೊಂದರ ತನಕ ಓಡು, ಮುಂದಿನ ಎರಡು ಕಂಬ ನಡಿ. ಮತ್ತೆ ಒಂದು ಓಡು. ವಾರಕ್ಕೆ ಮೂರು ದಿನ. ನಿಮ್ಮಮ್ಮನ ಕಾಲು ಮರ್ತಿಲ್ಲ ತಾನೆ?"

ಮರೆಯುವುದೆಲ್ಲಿ ಬಂತು. ಅಮ್ಮ ತೋಟದಲ್ಲಿ ತುಕ್ಕು ಹಿಡಿದ ಡಬ್ಬದ ಮುಚ್ಚಳ ತುಳಿದಿದ್ದಳು. ಸಕ್ಕರೆ ಕಾಯಿಲೆಯ ಕಾಲಿಗೆ ನೋವು ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಬೆರಳು ಹೋಯಿತು, ಮುಂದೆ ಪಾದ, ಮುಂದೆ ಮೊಣಕಾಲಿನವರೆಗೆ ಕಾಲು, ಮುಂದಿನ ವರ್ಷ ಅಮ್ಮನೇ ಹೋದಳು. ಕಡೆಯ ಆರು ತಿಂಗಳು ಅವಳನ್ನು ಎತ್ತಿ ಕೂರಿಸುತ್ತಿದ್ದದ್ದು ಸಿಯೆನಿ. ತನಗೂ ಅದೇ ಗತಿ ಬಂದರೆ ಎತ್ತಿ ಕೂರಿಸಲು ಈ ಮನೆಯಲ್ಲಿ ಯಾರಿದ್ದಾರೆಂದು ಲೆಕ್ಕ ಹಾಕಿ ನೋಡಿದಳು. ಮರುದಿನವೇ ಓಡಿದಳು.

ಮೊದಲ ಎರಡು ವಾರ ಒಂದು ಕಂಬ ಓಡುವಷ್ಟರಲ್ಲಿ ಉಸಿರು ಗಂಟಲಿಗೆ ಬರುತ್ತಿತ್ತು. ಮನೆಯವರು ಅದರಲ್ಲಿ ದಿನಕ್ಕೊಂದು ತಮಾಷೆ ಹುಟ್ಟಿಸಿದರು. ಬಸ್ಸು ಓಡಿಸುವ ಗಂಡ ಎಸೆಕಿಯಾ ಅವಳ ಪಕ್ಕದಲ್ಲೇ ಹಾರ್ನ್ ಬಾರಿಸಿಕೊಂಡು ಹೋದ.

"ನಿಂಗೇನು ಬಂತು?" ಅಂತ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದ. "ಬಸ್ಸು ಓಡ್ಸೋನ ಹೆಂಡ್ತಿ ಕಾಲಲ್ಲಿ ಓಡ್ತಾಳೆ ಅಂತ ಸ್ಟ್ಯಾಂಡಲ್ಲಿ ಎಲ್ರೂ ನಗ್ತಾರೆ. ನಾನು ಟಿಕೆಟ್ ಕೇಳ್ತೀನಂತೆ ನಿನ್ ಹತ್ರ."

"ಹೆಣ ಹೊರೋಕಿಂತ ಹಾರ್ನ್ ಹೊಡಿಯೋದು ಸುಲಭ ಬಿಡು," ಅಂದಳು ಸಿಯೆನಿ.

"ಏನಂದೆ?"

"ಇನ್ನೊಂದ್ ತುಂಡು ಗೆಡ್ಡೆ ಹಾಕ್ಲಾ ಅಂದೆ."

ಮಗಳು ಲೂಪೆಗೆ ಹದಿನೇಳು. ಅವಳ ಸಂಕಟ ಬೇರೆ. "ಅಮ್ಮ, ನನ್ ಕ್ಲಾಸಿನವ್ರು ಬಸ್ ಕಿಟಕಿಯಿಂದ ನೋಡ್ತಾರೆ. ನೀನು ಓಡುವಾಗ ಕೈ ಹಾಗೆ ಎದೆಗೆ ಯಾಕೆ ಹಿಡ್ಕೋತೀಯ? ಮಗು ಎತ್ಕೊಂಡ ಹಾಗೆ ಕಾಣುತ್ತೆ."

"ನಿನ್ನ ಎತ್ಕೊಂಡ ಅಭ್ಯಾಸ. ಇಳಿಸಿದ್ದೇ ತಪ್ಪಾಯ್ತು."

ಎಲ್ಲಕ್ಕಿಂತ ಹೇಸಿಗೆ ಸಂಜೆಯ ಪ್ರಾರ್ಥನೆ. ಸಂಜೆ ಶಂಖ ಊದಿದ ಮೇಲೆ ಊರೆಲ್ಲ ಸ್ತಬ್ಧವಾಗಿ ಮನೆಮನೆಯಲ್ಲೂ ದೇವರ ಮುಂದೆ ಕೂರುತ್ತಾರೆ. ಆ ಹೊತ್ತಿನಲ್ಲಿ ಹಿರಿಯರು ಪ್ರಾರ್ಥಿಸುವಾಗ ಯಾರೂ ತುಟಿ ಎರಡು ಮಾಡುವಂತಿಲ್ಲ. ಮೆಲೆಸಾಲಾ ಅದನ್ನು ಚೆನ್ನಾಗಿ ತಿಳಿದಿದ್ದಳು. ಹಗಲಲ್ಲಿ ಉಳಿಸಿಕೊಂಡ ಬೈಗುಳವನ್ನೆಲ್ಲ ಕಣ್ಣು ಮುಚ್ಚಿಕೊಂಡು ದೇವರ ಮೂಲಕ ಕಳಿಸುತ್ತಿದ್ದಳು.

"ಸ್ವರ್ಗದಲ್ಲಿರೋ ತಂದೆಯೇ," ಅಂತ ಶುರುಮಾಡಿದಳು ಒಂದು ಸಂಜೆ, "ಈ ಮನೆಯ ಮೇಲೆ ಕರುಣೆಯಿಡು. ಇದು ಮಾನವಂತರ ಮನೆ. ರಸ್ತೆಯಲ್ಲಿ ಮೈ ಕುಣಿಸ್ಕೊಂಡು ಓಡೋ ಹೆಂಗಸರಿಗೆ ಒಳ್ಳೆ ಬುದ್ಧಿ ಕೊಡು. ಅನ್ನ ಹಾಕಿದ ಮನೆಯ ಹೆಸರು ಕೆಡಿಸದ ಹಾಗೆ ಅವರ ಕಾಲನ್ನ ಕಟ್ಟು ತಂದೆಯೇ."

"ಆಮೆನ್," ಅಂದರು ಎಲ್ಲರೂ. ಅಕೆನೆಸೆಯ ಆಮೆನ್ ಎಲ್ಲರಿಗಿಂತ ಜೋರಾಗಿತ್ತು. ಸಿಯೆನಿಯೂ ಅಂದಳು. ಕಾಲು ಕಟ್ಟು ಎಂದು ಬೇಡುವವಳಿಗೆ ಕಾಲು ಹೋಗುವುದೆಂದರೇನೆಂದು ತೋರಿಸು ದೇವರೇ ಎಂಬುದು ಅವಳ ಒಳಗಿನ ಪ್ರಾರ್ಥನೆ.

ಮೂರನೇ ವಾರ ರಬ್ಬರ್ ಚಪ್ಪಲಿಯ ಪಟ್ಟಿ ಬೆರಳ ಸಂದಿಯನ್ನು ತಿಂದುಹಾಕಿತು. ಆ ದಿನ ಪಕ್ಕದ ಊರಿಗೆ ಬಂದಿದ್ದ ಪೆನಿನಾಳ ಹತ್ತಿರ ಹೋದಳು. ಪೆನಿನಾ ಅವಳ ಪಾದ ನೋಡಿದವಳೇ ಕೆಂಡವಾದಳು.

"ಚಪ್ಪಲೀಲಿ ಓಡು ಅಂತ ಯಾರು ಹೇಳಿದ್ದು ನಿಂಗೆ? ಗಾಯ ಮಾಡ್ಕೊಳ್ಳೋಕಾ ನಾನು ಓಡಿಸ್ತಿರೋದು? ಷೂ ತಗೋ. ಓಡೋಕೇ ಅಂತ ಮಾಡಿದ್ದು. ಇಲ್ವಾ, ಮನೇಲಿ ಕೂತ್ಕೋ."

"ಸಕ್ಕರೆ ಇಳಿದಿದ್ಯಾ ನೋಡಿ ಮೊದ್ಲು."

ಚುಚ್ಚಿ ನೋಡಿದಳು. ಸ್ವಲ್ಪ ಇಳಿದಿತ್ತು. ಹೆಚ್ಚೇನಲ್ಲ, ಆದರೆ ಹತ್ತೊಂಬತ್ತು ವರ್ಷದಲ್ಲಿ ಸಿಯೆನಿ ತನಗಾಗಿ ಮಾಡಿಕೊಂಡ ಒಂದು ಕೆಲಸಕ್ಕೆ ಫಲ ಸಿಕ್ಕಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಒಬ್ಬಳೇ ನಕ್ಕುಕೊಂಡು ಬಂದಳು.

ಷೂ ಬೇಕು ಅಂದದ್ದಕ್ಕೆ ಎಸೆಕಿಯಾ ತಾಯಿಯ ಮುಖ ನೋಡಿದ. ತಾಯಿ ಮಗಳ ಮುಖ ನೋಡಿದಳು.

"ಷೂ ಯಾಕೆ?" ಅಂದಳು ಅಕೆನೆಸೆ. "ನಾಯಿಗಳೇನು ಷೂ ಹಾಕ್ಕೊಂಡು ಓಡ್ತಾವಾ?"

ಸಿಯೆನಿ ಯಾರ ಹತ್ತಿರವೂ ಮತ್ತೆ ಕೇಳಲಿಲ್ಲ. ಮನೆಗೆಲಸ ಮುಗಿಸಿ ಕೇದಗೆ ಗರಿಯ ನಾಲ್ಕು ಚಾಪೆ ಹೆಣೆದಳು, ಸಂತೆಯಲ್ಲಿ ಮಾರಿದಳು, ಒಂದು ಸಂಜೆ ಲೂಪೆಯನ್ನು ಕರೆದುಕೊಂಡು ಅಪಿಯಾ ಪಟ್ಟಣಕ್ಕೆ ಹೋದಳು.

ಅಂಗಡಿಯವನು ತೆಳ್ಳಗಿನ ನಡುವಯಸ್ಸಿನವನು. ಒಂದು ಕಾಲದಲ್ಲಿ ಸ್ಪರ್ಧೆಗಳಲ್ಲಿ ಓಡುತ್ತಿದ್ದನಂತೆ. ಈಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮಾರುತ್ತಿದ್ದ. ಲೂಪೆ ಆಗಲೇ ಗುಲಾಬಿ ಬಣ್ಣದ ಜೊತೆಯೊಂದನ್ನು ಎತ್ತಿಕೊಂಡಿದ್ದಳು. ಅವನು ಅದರ ಕಡೆ ನೋಡಲೂ ಇಲ್ಲ.

"ನಿಮ್ಮ ಚಪ್ಪಲಿ ಬಿಚ್ಚಿ ಕೊಡಿ," ಅಂದ ಸಿಯೆನಿಗೆ.

"ಇದಾ? ಇದು ಎಸೆಯೋದು."

"ಎಸೆಯೋಕೆ ಮುಂಚೆ ನೋಡ್ಬೇಕು." ಚಪ್ಪಲಿಯನ್ನು ಮಗುಚಿ ಅಡಿ ನೋಡಿದ. "ಒಳ ಅಂಚು ಸವೆದಿದೆ. ಓಡುವಾಗ ನಿಮ್ಮ ಪಾದ ಒಳಗಡೆ ವಾಲುತ್ತೆ. ಹಿಮ್ಮಡಿ ಗಟ್ಟಿಯಿರೋದು ಬೇಕು. ಸಂಜೆ ಬಂದಿದ್ದು ಒಳ್ಳೇದಾಯ್ತು, ಬೆಳಗ್ಗೆ ಕಾಲು ಸಣ್ಣಗಿರುತ್ತೆ, ಆಗ ತಗೊಂಡೋರೆಲ್ಲ ಸಂಜೆ ಅಳ್ತಾರೆ."

"ಇದು ಚೆನ್ನಾಗಿದೆಯಲ್ಲ," ಅಂದಳು ಲೂಪೆ ಗುಲಾಬಿ ಷೂ ತೋರಿಸಿ.

"ಅದು ಬಿಳಿಯರ ಹೆಂಗಸರ ಕಾಲಿಗೆ ಮಾಡಿದ್ದು ಮಗಳೇ, ದೋಣಿ ಹಾಗೆ. ಬರಿಗಾಲಲ್ಲಿ ಬೆಳೆದ ಕಾಲು ಅದರೊಳಗೆ ಹೋಗಲ್ಲ. ನಿಮ್ಮಮ್ಮಂಗೆ ಗಂಡಸರ ಷೂ ಆಗ್ಬೇಕು."

ಗಂಡಸರ ಸಾಲಿನಲ್ಲೂ ಅಷ್ಟು ಅಗಲದ, ಅಷ್ಟು ಗಟ್ಟಿ ಹಿಮ್ಮಡಿಯದು ಅವಳ ಅಳತೆಗೆ ಒಂದೇ ಒಂದಿತ್ತು. ಹಾಲಿನಂಥ ಬಿಳಿ. ಸಿಯೆನಿ ಹಾಕಿಕೊಂಡು ನಿಂತಳು. ಅವನು ಮುಂದುಗಡೆ ಹೆಬ್ಬೆರಳಿಟ್ಟು ಒತ್ತಿದ. ಬೆರಳ ತುದಿಗೂ ಷೂವಿನ ತುದಿಗೂ ನಡುವೆ ಒಂದು ಹೆಬ್ಬೆರಳಿನ ಜಾಗ ಸರಿಯಾಗಿತ್ತು.

"ಈಗ ಆ ಮೂಲೆ ತನಕ ಓಡ್ಬಿಟ್ಟು ಬನ್ನಿ."

"ಬೀದೀಲಾ?"

"ಮತ್ತೆ? ಕನ್ನಡಿ ಮುಂದೆ ನಿಂತ್ರೆ ಷೂ ಚೆಂದ ಗೊತ್ತಾಗುತ್ತೆ, ಓಡಿದ್ರೇನೆ ಷೂ ಗೊತ್ತಾಗೋದು. ಹಿಮ್ಮಡಿ ಮೇಲೆದ್ರೆ ಹೇಳಿ."

ಸಿಯೆನಿ ಓಡಿದಳು. ಹಿಮ್ಮಡಿ ಏಳಲಿಲ್ಲ. ಬೀದಿಯಲ್ಲಿ ಯಾರೂ ನಗಲಿಲ್ಲ. ಮೂಲೆಯಿಂದ ತಿರುಗಿ ಬರುವಾಗ ಕೈ ಎದೆಗೆ ಅಂಟಿಕೊಂಡಿಲ್ಲ ಎನ್ನುವುದನ್ನು ಲೂಪೆ ಗಮನಿಸಿದಳು. "ಹೀಗೆ ಓಡಿದ್ರೆ ಪರವಾಗಿಲ್ಲ," ಅಂತ ಗೊಣಗಿದಳು. ನೂರ ಎಂಬತ್ತು ತಾಲಾ ಕೊಟ್ಟು ಬಂದರು.

ಆಮೇಲೆ ಮಾಡಿದ್ದು ಸಿಯೆನಿಯ ತಪ್ಪು. ದಾರಿಯಲ್ಲೇ ಪೆಟ್ಟಿಗೆ ಎಸೆದು, ಷೂವನ್ನು ಕೆಸರಲ್ಲಿ ಹೊರಳಾಡಿಸಿ ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಹೊಸದೇನೇ ಬಂದರೂ ಮೊದಲು ಅತ್ತೆಯ ಮುಂದಿಡಬೇಕು. ಇಟ್ಟಳು. ಮುಚ್ಚಳ ತೆಗೆದು ಕಾಗದ ಸರಿಸಿದಾಗ ಷೂ ದೀಪದಂತೆ ಹೊಳೆಯಿತು.

"ಗಂಡಸರದ್ದು," ಅಂದಳು ಮೆಲೆಸಾಲಾ ಮೂಗು ಮುರಿದು.

ಅಕೆನೆಸೆ ಹನ್ನೊಂದು ವರ್ಷದಲ್ಲಿ ಎಂದೂ ಅಷ್ಟು ಚುರುಕಾಗಿ ಎದ್ದು ಕೂತವಳಲ್ಲ. ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಇನ್ನು ನಾಲ್ಕೇ ವಾರಕ್ಕೆ ಮಕ್ಕಳ ಭಾನುವಾರ. ಅಂದು ಚರ್ಚಿನಲ್ಲಿ ಎಲ್ಲರೂ ಅಡಿಯಿಂದ ಮುಡಿಯವರೆಗೆ ಬಿಳಿ ಉಡುತ್ತಾರೆ.

"ಚೆನ್ನಾಗಿದೆ," ಅಂದಳು.

ಮುಗಿಯಿತು. ಆ ದ್ವೀಪದಲ್ಲಿ ಮನೆಯ ಹಿರಿಯರು ಒಂದು ವಸ್ತುವನ್ನು ಹೊಗಳಿದರೆ ಅದನ್ನು ಕೊಟ್ಟುಬಿಡಬೇಕು. ಕೊಡದಿದ್ದವಳು ಜಿಪುಣಿ, ಮಾನಗೆಟ್ಟವಳು, ಕೆಟ್ಟ ತವರಿನಿಂದ ಬಂದವಳು. ಅಕೆನೆಸೆಗೆ ಅದು ಗೊತ್ತು. ಗೊತ್ತಿದ್ದೇ ಅಂದದ್ದು. ಸಿಯೆನಿ ಗಂಡನ ಕಡೆ ನೋಡಿದಳು. ಎಸೆಕಿಯಾ ಬಸ್ಸಿನ ಟೈರು ನೆನಪಾದವನಂತೆ ಎದ್ದು ಹೋದ.

"ತಗೊಳ್ಳಿ ಅತ್ತಿಗೆ," ಅಂದಳು ಸಿಯೆನಿ. ತುಟಿಯಲ್ಲಿ ನಗು ತಂದುಕೊಂಡಳು. ಅದಕ್ಕೆ ಕಲ್ಲು ಹೊರುವಷ್ಟು ಕಷ್ಟವಾಯಿತು.

"ಹಬ್ಬದ ತನಕ ಅಷ್ಟೇ ಕಣೆ. ಆಮೇಲೆ ನೀನೇ ಓಡಾಡ್ಕೋ. ಹಾಡಿನ ಅಭ್ಯಾಸಕ್ಕೆ ಹಾಕ್ಕೊಂಡು ಹೋಗ್ತೀನಿ."

ಅಕೆನೆಸೆಯ ಕಾಲು ಸಿಯೆನಿಯ ಕಾಲಿಗಿಂತ ಒಂದು ಬೆರಳು ದೊಡ್ಡದು. ಷೂ ಹತ್ತಲಿಲ್ಲ. ಹತ್ತದಿದ್ದರೇನಂತೆ, ಹಿಮ್ಮಡಿಯ ಭಾಗವನ್ನು ಮಡಚಿ ಅದರ ಮೇಲೆ ಪಾದ ಊರಿ, ಚಪ್ಪಲಿಯಂತೆ ಎಳೆದುಕೊಂಡು ಸರಕ್ ಸರಕ್ ಎಂದು ಹೊರಟಳು. ಮೆಟ್ಟಿಲಲ್ಲಿ ಬಿಟ್ಟು ಒಳಬರಲು ಅನುಕೂಲ ಅಂತ ಬೇರೆ ಹೇಳಿದಳು. ಯಾವ ಗಟ್ಟಿ ಹಿಮ್ಮಡಿಗಾಗಿ ಅಂಗಡಿಯವನು ಅಷ್ಟು ಹುಡುಕಿದ್ದನೋ ಅದರ ಮೇಲೆ ಆ ಮಹಾತಾಯಿ ಒಂದು ತಿಂಗಳು ತನ್ನ ಭಾರವನ್ನೆಲ್ಲ ಹಾಕಿ ನಡೆದಳು.

"ಅಮ್ಮ, ಕೇಳು ವಾಪಸ್," ಅಂದಳು ಲೂಪೆ, ಪಾತ್ರೆ ತೊಳೆಯುವಾಗ.

"ಯಾವ ಬಾಯಲ್ಲಿ?"

"ಊಟ ಮಾಡೋ ಬಾಯಲ್ಲೇ. ಚಾಪೆ ನೀನು ಹೆಣೆದಿದ್ದು."

"ನಿನ್ ಅಪ್ಪನೇ ಕೇಳ್ಲಿಲ್ಲ."

"ಅಪ್ಪ ಬಸ್ಸಲ್ಲಿ ಮಾತ್ರ ಗಂಡಸು," ಅಂದಳು ಲೂಪೆ. ಸಿಯೆನಿ ಅವಳ ಬಾಯಿಗೆ ತಟ್ಟಿದಳು. ಮೆಲ್ಲಗೆ ತಟ್ಟಿದಳು.

ಆ ತಿಂಗಳೂ ಅವಳು ಓಡುವುದು ಬಿಡಲಿಲ್ಲ. ಗಾಯಕ್ಕೆ ಬಟ್ಟೆ ಸುತ್ತಿ, ಹಳೆಯ ಚಪ್ಪಲಿಯಲ್ಲೇ ಎರಡು ಕಂಬ ಓಡಿ ಒಂದು ಕಂಬ ನಡೆದಳು. ಆಮೇಲೆ ಮೂರು ಓಡಿ ಒಂದು. ದಿನಾ ಸಂಜೆ ಅಂಗಾಲನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಮಕ್ಕಳ ಭಾನುವಾರ ಮುಗಿದ ಮೇಲೆ ಅಕೆನೆಸೆ ಷೂವನ್ನು ಮೆಟ್ಟಿಲ ಬಳಿ ಒದ್ದು ಬಿಟ್ಟು, "ತಗೋ, ನಿನ್ ಓಟದ ಗಾಡಿ" ಅಂದಳು. ಬಿಳಿ ಬೂದಿಯಾಗಿತ್ತು. ಹಿಮ್ಮಡಿ ಒಣಗಿದ ಎಲೆಯ ಹಾಗೆ ಮಡಚಿ ಬಿದ್ದಿತ್ತು. ಎಬ್ಬಿಸಿ ನಿಲ್ಲಿಸಿದರೆ ನಿಲ್ಲದು, ಒಳಗಿನ ಗಟ್ಟಿ ಪಟ್ಟಿ ಮುರಿದು ಮುಳ್ಳಿನಂತೆ ಚುಚ್ಚುತ್ತಿತ್ತು.

ಶನಿವಾರ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಸಿಯೆನಿ ತವರಿನ ಕಡೆ ಹೊರಟಳು. ಐದು ಕಿಲೋಮೀಟರ್. ಅಷ್ಟು ದೂರ ಹಿಂದೆಂದೂ ಓಡಿರಲಿಲ್ಲ. ಆದರೆ ಸಿಟ್ಟಿಗೆ ಕಾಲು ಬಂದಿತ್ತು. ಇಲ್ಲಿ ತಾನು ಸೊಸೆ ಇರಬಹುದು, ಅಲ್ಲಿ ಮಾತ್ರ ತಾನು ಮನೆಯ ಹಿರಿಮಗಳು, ತಮ್ಮ ಅಫೆಲೆಯ ಅಕ್ಕ. ಅಲ್ಲಿ ಹೋಗಿ ಎಲ್ಲವನ್ನೂ ಹೇಳಿ ಮನಸಾರೆ ಅತ್ತು ಬರಬೇಕು, ಯಾರಾದರೂ "ಅಯ್ಯೋ ಪಾಪ" ಅನ್ನಬೇಕು ಅನ್ನಿಸಿತ್ತು. ನಡೆದೂ ಓಡಿಯೂ ತಲುಪುವಷ್ಟರಲ್ಲಿ ಎಡಗಾಲಿನ ಹಿಮ್ಮಡಿಯಿಂದ ರಕ್ತ ಸೋರಿ ಕಾಲುಚೀಲ ಅಂಟಿಕೊಂಡಿತ್ತು.

"ಅಕ್ಕ ಬಂದ್ಳು! ಓಡ್ಕೊಂಡು ಬಂದ್ಳು!" ಅಂತ ಅಫೆಲೆ ಕೂಗಿ, ಒಳ್ಳೆಯ ಚಾಪೆ ಹಾಸಿಸಿದ. ಅವನ ಹೆಂಡತಿ ಮಾಲಿಯೆ ಓಡಿ ಬಂದು ನೀರು ತಂದಳು, ಕಾಲು ತೊಳೆದಳು, ಗಾಯಕ್ಕೆ ಬಟ್ಟೆ ಕಟ್ಟಿದಳು. ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಎಲೆ, ಸುಟ್ಟ ದೀವಿಹಲಸು, ಮೀನು ತಂದಿಟ್ಟು, ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಳು.

ಸಿಯೆನಿ ಉಣ್ಣುತ್ತಾ ಹೇಳಿದಳು, ಹೇಳುತ್ತಾ ಉಂಡಳು. ಅತ್ತೆಯ ಪ್ರಾರ್ಥನೆ, ಅತ್ತಿಗೆಯ ಕಾಲು, ಗಂಡನ ಟೈರು, ಎಲ್ಲ.

"ಎಂಥ ಜನ!" ಅಂದ ಅಫೆಲೆ. "ನಾಚಿಕೆ ಅನ್ನೋದೇ ಇಲ್ಲ."

"ಹೌದು ಅತ್ತಿಗೆ," ಅಂದಳು ಮಾಲಿಯೆ, ಬೀಸಣಿಗೆ ಬೀಸುತ್ತಾ.

ಅತ್ತು ಹಗುರವಾದ ಸಿಯೆನಿ ಕಣ್ಣೊರೆಸಿಕೊಂಡು ಆಚೆ ಈಚೆ ನೋಡಿದಳು. ಕಂಬದ ಪಕ್ಕ ಒಂದು ಜೊತೆ ಕಡುನೀಲಿ ಷೂ ಇತ್ತು. ಅಗಲ ಮುಂಭಾಗ, ಗಟ್ಟಿ ಹಿಮ್ಮಡಿ, ಅಡಿ ಇನ್ನೂ ಮಣ್ಣು ಕಾಣದ್ದು. ಅಂಗಡಿಯವನು ಕಲಿಸಿದ ಪಾಠವೆಲ್ಲ ನೆನಪಾಯಿತು.

"ಚೆನ್ನಾಗಿದೆ ಅದು," ಅಂದಳು.

ಬೀಸಣಿಗೆ ನಿಂತಿತು. ಒಂದೇ ಒಂದು ಗಳಿಗೆ. ಮತ್ತೆ ಬೀಸತೊಡಗಿತು.

"ಮಾಲಿಯೆ, ಎದ್ದು ಕೊಡು ಅಕ್ಕಂಗೆ," ಅಂದ ಅಫೆಲೆ.

"ಅಯ್ಯೋ ಬೇಡ, ನಾನು ಸುಮ್ನೆ ಅಂದೆ," ಅಂದಳು ಸಿಯೆನಿ. ಸುಮ್ಮನೆ ಅಂದದ್ದೇ? ಆ ಮಾತು ಬಾಯಿಂದ ಹೇಗೆ ಜಾರಿತೆಂದು ಅವಳಿಗೆ ಆಗಲೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಮಾಲಿಯೆ ಆಗಲೇ ಎದ್ದು ಷೂ ತಂದು, ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟಿದ್ದಳು. ಮುಖದಲ್ಲಿ ನಗು. ಅದನ್ನು ತುಟಿಗೆ ತರಲು ಎಷ್ಟು ಕಷ್ಟವೆಂದು ಆ ಮನೆಯಲ್ಲಿ ಬಲ್ಲವಳು ಸಿಯೆನಿ ಒಬ್ಬಳೇ.

ಹೊರಡುವಾಗ ಮಾಲಿಯೆ ರಸ್ತೆಯವರೆಗೆ ಬಂದಳು. ಸಿಯೆನಿ ತಗ್ಗಿದ ದನಿಯಲ್ಲಿ ಕೇಳಿದಳು: "ಎಲ್ಲಿಂದ ತರಿಸಿದ್ದೆ?"

"ನಮ್ಮಣ್ಣ ಆಕ್ಲೆಂಡಿಂದ ಕಳ್ಸಿದ್ದು ಅತ್ತಿಗೆ."

"ಯಾಕೆ?"

"ಹಾಗೇ ಸುಮ್ನೆ. ನರ್ಸ್ ಪೆನಿನಾ ನಡೀಬೇಕು ಅಂದಿದ್ರು. ನಂಗೂ ಸಕ್ಕರೆ ಇದ್ಯಂತೆ."

ಸಿಯೆನಿ ಅಲ್ಲೇ ರಸ್ತೆಯಲ್ಲಿ ಕೂತು ಲೇಸು ಬಿಚ್ಚಲು ಹೋದಳು. ಮಾಲಿಯೆ ಗಾಬರಿಯಿಂದ ಹಿಂದೆ ನೋಡಿ ಅವಳ ಕೈ ಹಿಡಿದಳು. "ಬೇಡ ಅತ್ತಿಗೆ, ದಮ್ಮಯ್ಯ. ಬಿಚ್ಚಿಕೊಟ್ರೆ ನಾನೇ ಮುಖ ಸಣ್ಣ ಮಾಡ್ಕೊಂಡೆ ಅಂತಾರೆ ನಿಮ್ ತಮ್ಮ. ಆಮೇಲೆ ನಂಗೆ ಇಲ್ಲಿರೋಕಾಗಲ್ಲ. ಹೋಗಿ, ಹೋಗ್ಬಿಡಿ."

ಸಿಯೆನಿ ಹೋದಳು. ಐದು ಕಿಲೋಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಓಡಿದಳು, ಬದುಕಿನಲ್ಲಿ ಮೊದಲ ಸಲ. ಬಟ್ಟೆ ಕಟ್ಟಿದ ಹಿಮ್ಮಡಿಗೂ ಷೂ ತಾಗಿ ನೋಯಲಿಲ್ಲ. ಷೂ ಅವಳಿಗೆಂದೇ ಹೊಲಿದಂತಿತ್ತು. ಹಾಗೆ ಹೊಂದಿದ್ದೇ ಅವಳಿಗೆ ಹೇಸಿಗೆ ತಂದಿತು. ಇಷ್ಟು ವರ್ಷ ಅಕೆನೆಸೆಯನ್ನು ನೋಡಿ ಅಸಹ್ಯಪಟ್ಟುಕೊಂಡ ತಾನು, ಒಂದು ತಟ್ಟೆ ಊಟ ಮುಗಿಯುವಷ್ಟರಲ್ಲಿ, ಕಣ್ಣೀರು ಆರುವ ಮೊದಲೇ, ಅಕೆನೆಸೆಯಾಗಿಬಿಟ್ಟಿದ್ದಳು.

ಮನೆ ತಲುಪಿದಾಗ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಬಡಿಸುವವಳು ಬಂದಿಲ್ಲವೆಂದು ಕಾಯುತ್ತಿದ್ದರು. ಬೆಳಿಗ್ಗೆ ಅವಳೇ ಬೇಯಿಸಿ ಮುಚ್ಚಿಟ್ಟು ಹೋಗಿದ್ದಳು. ಎದ್ದು ಹಾಕಿಕೊಳ್ಳುವ ದೊಡ್ಡ ಮನಸ್ಸು ಯಾರೂ ಮಾಡಿರಲಿಲ್ಲ.

"ಬಂತು ಸವಾರಿ," ಅಂದಳು ಮೆಲೆಸಾಲಾ. "ಹೊಟ್ಟೆ ಬೆನ್ನಿಗೆ ಹತ್ತಿದೆ ಇಲ್ಲಿ."

ಅಕೆನೆಸೆಯ ಕಣ್ಣು ನೇರ ಕೆಳಗೆ ಹೋಯಿತು. "ಹೊಸದಾ? ಎಲ್ಲಿ, ನೋಡೋಣ. ಚೆ..."

"ಅನ್ಬೇಡಿ," ಅಂದಳು ಸಿಯೆನಿ.

ಎಸೆಕಿಯಾ ತಲೆ ಎತ್ತಿದ.

"ಆ ಮಾತು ಅನ್ಬೇಡಿ ಅತ್ತಿಗೆ. ಇದು ನನ್ನ ತಮ್ಮನ ಹೆಂಡ್ತಿದು. ಸಕ್ಕರೆ ಕಾಯಿಲೆಯವಳ ಷೂ. ಆ ಒಂದು ಮಾತು ಅಂದು ಕಿತ್ಕೊಂಡು ಬಂದಿದೀನಿ. ಹೇಗೆ ಕಿತ್ಕೋಬೇಕು ಅಂತ ಈ ಮನೇಲೇ ಕಲ್ತಿದ್ದು, ನಿಮ್ಮ ಹತ್ರಾನೇ. ನೀವು ಚೆನ್ನಾಗಿ ಕಲಿಸಿದೀರಿ."

"ಎಸೆಕಿಯಾ!" ಅಂದಳು ಮೆಲೆಸಾಲಾ. "ಕೇಳಿಸ್ಕೊಂಡ್ಯಾ ನಿನ್ ಹೆಂಡ್ತಿ ಮಾತು? ನಿನ್ ಒಡಹುಟ್ಟಿದವಳಿಗೆ!"

ಎಸೆಕಿಯಾ ಮುಂದಿನ ಖಾಲಿ ಚಾಪೆಯನ್ನು ನೋಡಿದ. ಈ ಸಲ ಟೈರು ನೆನಪಾಗಲಿಲ್ಲ.

ಸಿಯೆನಿ ಷೂ ಬಿಚ್ಚಿ, ಅಡಿಯ ಮಣ್ಣು ಒರೆಸಿ, ಅವನ ಪಕ್ಕದಲ್ಲೇ ಇಟ್ಟಳು. "ಸೋಮವಾರ ಬಸ್ಸು ಅಲ್ಲೇ ಹೋಗುತ್ತಲ್ಲ. ಮಾಲಿಯೆ ಕೈಗೇ ಕೊಡು, ಅಫೆಲೆ ಕೈಗಲ್ಲ. ವಾಪಸ್ ಅನ್ಬೇಡ. ಅತ್ತಿಗೆ ಉಡುಗೊರೆ ಕಳ್ಸಿದಾಳೆ ಅನ್ನು, ಆಗ ಯಾರೂ ಅವಳ್ನ ಏನೂ ಅನ್ನೋ ಹಾಗಿಲ್ಲ. ಇದು ತಲುಪ್ಲಿಲ್ಲ ಅಂತ ಗೊತ್ತಾದ್ರೆ ಸ್ಟ್ಯಾಂಡಿಗೇ ಬಂದು ಕೇಳ್ತೀನಿ, ಎಲ್ರ ಮುಂದೆ."

"ಕೊಡ್ತೀನಿ," ಅಂದ ಎಸೆಕಿಯಾ. ಷೂವನ್ನು ತನ್ನ ಕಡೆ ಸರಿಸಿಕೊಂಡು ಕೇಳಿದ: "ನೀನು ಏನ್ ಹಾಕ್ಕೊಂಡು ಓಡ್ತೀಯ?"

"ಇನ್ನೊಂದು ಜೊತೆ ತಗೋತೀನಿ. ನಾಲ್ಕು ಚಾಪೆ ಹೆಣೀಬೇಕು. ಮೂರು ತಿಂಗಳಲ್ಲಿ ಉಳಿದಿರೋದು ಐದೇ ವಾರ, ನಂಗೆ ಪುರುಸೊತ್ತಿಲ್ಲ. ಚಾಪೆ ಮುಗಿಯೋ ತನಕ ನೀವೇ ಬಡಿಸ್ಕೊಳ್ಳಿ."

"ಬಡಿಸ್ಕೊಳ್ಳೋದಾ?" ಅಂದಳು ಅಕೆನೆಸೆ. ಬೇರೆ ದೇಶದ ಮಾತು ಕೇಳಿದವಳ ಹಾಗಿತ್ತು ಮುಖ.

ಸಿಯೆನಿ ಹಿಂದಿನ ಮೂಲೆಗೆ ಹೋಗಿ ಕೇದಗೆ ಗರಿಯ ಸುರುಳಿ ಬಿಚ್ಚಿ, ಬಟ್ಟೆ ಕಟ್ಟಿದ ಕಾಲನ್ನು ಮುಂದೆ ಚಾಚಿ, ಹೆಣೆಯಲು ಕೂತಳು. ಲೂಪೆ ಊಟದ ಸಾಲು ಬಿಟ್ಟೆದ್ದು ಬಂದು ಗರಿ ಸೀಳಿ ಕೊಡತೊಡಗಿದಳು. ಊಟದ ಚಾಪೆಯ ಮೇಲೆ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಕೆನೆಸೆ ನಿಟ್ಟುಸಿರು ಬಿಟ್ಟು, ಕಂಬ ಹಿಡಿದುಕೊಂಡು ಎದ್ದು, ಅಡುಗೆಯ ಗುಡಿಸಲಿನ ಕಡೆ ಹೋದಳು. ಸ್ವಲ್ಪ ಹೊತ್ತು ಒಂದೊಂದೇ ಮುಚ್ಚಳ ಎತ್ತಿ ಇಡುವ ಸದ್ದು ಕೇಳಿಸಿತು.

"ಅಮ್ಮ," ಅಂತ ಅಲ್ಲಿಂದಲೇ ಕೂಗಿದಳು, "ನಮ್ಮನೇಲಿ ತಟ್ಟೆ ಎಲ್ಲಿಡ್ತಾರೆ?"

ಮೆಲೆಸಾಲಾ ಬಾಯಿ ತೆರೆದಳು. ಅವಳಿಗೂ ಗೊತ್ತಿರಲಿಲ್ಲ.